ಮುತ್ತಜ್ಜ ಹುಟ್ಟಿದ ಊರು

ರೆಡ್‌ರುತ್, ಕಾರ್ನ್‌ವಾಲ್
9 ಮಾರ್ಚ್ 1998

ಪ್ರಿಯ ಹೆಡ್ಲಿ,

ನೀನೂ ನಿನ್ನ ಹೆಂಡತಿ ಮಾವಿಸ್‌ಳೂ ಕ್ಷೇಮವೆಂದು ನಂಬಿದ್ದೇನೆ. ಈ ಚಳಿಗೆ ನಿನ್ನ ಮಂಡಿನೋವು ಹೆಚ್ಚಾಗಿರಬೇಕು. ಆಗಿದ್ದರೆ ನನಗೇನೂ ಬೇಸರವಿಲ್ಲ. ಕ್ರಿಸ್‌ಮಸ್‌ಗೆ ನೀನು ಬರೆದ ಪತ್ರಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ತಡವಾಯಿತು, ಕ್ಷಮಿಸು. ಫೋನು ಮಾಡಬಹುದಿತ್ತು. ಆದರೆ ಬೇಡದ ಮಾತು ಕಿವಿಗೆ ಬಿದ್ದ ಕೂಡಲೇ ನೀನು ರಿಸೀವರ್ ಕುಕ್ಕಿಬಿಡುತ್ತೀಯ. ಕಾಗದವನ್ನಾದರೂ ಪೂರ್ತಿ ಓದಿ ಆಮೇಲೆ ಒಲೆಗೆ ಹಾಕು.

ನೀನು ನನ್ನಿಂದ ಕೇಳಿದ್ದು ಒಂದೇ ಸಂಗತಿ. ಆಂಗ್ವಿನ್ ಮನೆತನದ ವಂಶಾವಳಿಯನ್ನು ಸ್ಲೇಟು ಕಲ್ಲಿನಲ್ಲಿ ಕೆತ್ತಿಸಿ ನಮ್ಮ ಪ್ರಾರ್ಥನಾ ಮಂದಿರದ ಗೋಡೆಗೆ ಹಾಕಿಸುತ್ತಿದ್ದೀಯ. ಆಸ್ಟ್ರೇಲಿಯಾದಿಂದ ನೆಂಟರು ಬರುತ್ತಾರೆ, ಚಹಾ ಮತ್ತು ಕೇಸರಿ ಬನ್ನಿನ ಸಮಾರಾಧನೆ ಆಗುತ್ತದೆ, ನೀನು ಭಾಷಣ ಮಾಡುತ್ತೀಯ. ಮುತ್ತಜ್ಜ ಹನಿಬಲ್ ಹುಟ್ಟಿದ್ದು ಮೆಕ್ಸಿಕೋ ದೇಶದಲ್ಲಿ ಎಂದು ಗೊತ್ತು, ಊರು ಗೊತ್ತಿಲ್ಲ. "ಈ ಹುಡುಕಾಟದಲ್ಲಿ ನಿನ್ನ ಕೈ ಪಳಗಿದೆ, ಊರಿನ ಹೆಸರು ಪತ್ತೆ ಮಾಡಿಕೊಡು" ಎಂದು ಬರೆದು, ಕಲ್ಲಿನ ನಕ್ಷೆಯ ಒಂದು ಪ್ರತಿಯನ್ನೂ ಇಟ್ಟಿದ್ದೆ.

ನೋಡಿದೆ. ನನ್ನ ಹೆಸರಿನ ಕೆಳಗೆ "ಸಂತಾನವಿಲ್ಲ" ಎಂದು ಬರೆದಿದ್ದೀಯ.

ನನ್ನ ಮಗ ಕೋಲನ್‌ಗೆ ಈಗ ಮೂವತ್ತನಾಲ್ಕು ವರ್ಷ, ನಿನಗೆ ಮರೆತಿದ್ದರೆ ಹೇಳುತ್ತೇನೆ. ಎಂಟು ತಿಂಗಳ ಕೂಸಾಗಿದ್ದಾಗ ನಾನೂ ಸಿರಿಲ್ಲೂ ಅವನನ್ನು ದತ್ತು ತಂದುಕೊಂಡೆವು. ಅವನ ದಡಾರಕ್ಕೆ ರಾತ್ರಿಯೆಲ್ಲ ಎದ್ದು ಕೂತವಳು ನಾನು. ಸಿರಿಲ್ ಕಣ್ಣು ಮುಚ್ಚಿದಾಗ ಕೈ ಹಿಡಿದುಕೊಂಡು ಕೂತವನು ಅವನು. ಸಂತಾನವಿಲ್ಲವಂತೆ! ಆ ಮಾತನ್ನು ಕಲ್ಲಿನಲ್ಲಿ ಕೆತ್ತಲು ಹೊರಟ ನಿನ್ನ ಕೈಗೆ ಏನೂ ಅನ್ನಿಸಲಿಲ್ಲವೇ?

ಅಂಗಡಿಯಲ್ಲಿ ಮಾವಿಸ್ ಸಿಕ್ಕಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಶುರು ಮಾಡಿದಳು. "ಅಯ್ಯೋ, ಅದಕ್ಯಾಕೆ ಇಷ್ಟು ಬೇಜಾರು ಮಾಡ್ಕೋತೀರಾ ಅಕ್ಕಾ? ಕಲ್ಲಿನ ಮೇಲೆ ರಕ್ತಸಂಬಂಧ ಮಾತ್ರ ಅಂತ ಅವ್ರು ನಿಯಮ ಮಾಡಿದಾರೆ. ಕೋಲನ್ ಒಳ್ಳೇ ಹುಡುಗಾನೇ, ಯಾರು ಇಲ್ಲ ಅಂದ್ರು?" ಹೀಗೆಂದು ನನ್ನ ಬುಟ್ಟಿಗೆ ಒಂದು ಎಲೆಕೋಸು ಹಾಕಿ ಹೋದಳು. ಅದನ್ನು ನಾನು ತಿನ್ನಲಿಲ್ಲ.

ಇನ್ನು ನಿನ್ನ ಮುತ್ತಜ್ಜನ ವಿಷಯ. ಕ್ಯಾಪ್ಟನ್ ಯುರಾಯಾ ಆಂಗ್ವಿನ್ ಮೆಕ್ಸಿಕೋದ ಬೆಳ್ಳಿ ಗಣಿಗೆ ಮೇಲ್ವಿಚಾರಕನಾಗಿ ಹೋದದ್ದು, ಜೊತೆಗೆ ಹೆಂಡತಿ ಗ್ರೇಸ್ ಇದ್ದದ್ದು, ಮನೆಯ ಬೈಬಲ್ಲಿನಲ್ಲಿ ಬರೆದಿಟ್ಟ ಹಾಗೆ 1833ರಲ್ಲಿ ಅವರ ಮಗ ಹನಿಬಲ್‌ಗೆ ಜ್ಞಾನಸ್ನಾನವಾದದ್ದು, 1849ರಲ್ಲಿ ಹದಿನಾರು ವರ್ಷದ ಹನಿಬಲ್ ಜೊತೆ ಅವರು ಊರಿಗೆ ಮರಳಿದ್ದು, ಇಷ್ಟನ್ನೂ ನೀನೇ ಕಂಡುಹಿಡಿದೆ. ಹುಟ್ಟು ಸಿಕ್ಕಿತು ಎಂದು ಕುಣಿದಾಡಿ ಅಲ್ಲಿಗೇ ನಿಲ್ಲಿಸಿದೆ. ಅಲ್ಲೇ ನೀನು ಎಡವಿದ್ದು. ವಂಶಾವಳಿ ಹುಡುಕುವ ನಮ್ಮ ಸಂಘದಲ್ಲಿ ಹೊಸಬರಿಗೆ ಮೊದಲ ದಿನವೇ ಕಲಿಸುವುದೇನೆಂದರೆ, ಒಂದು ಮಗುವಿನ ಹುಟ್ಟು ಸಿಕ್ಕಿದರೆ ಮುಂದೆ ಹೆಜ್ಜೆಯಿಡುವ ಮೊದಲು ಅದರ ಸಾವನ್ನು ಹುಡುಕು. ಆ ಕಾಲದಲ್ಲಿ ಎಷ್ಟೋ ಮಕ್ಕಳು ವರ್ಷ ತುಂಬುವ ಮೊದಲೇ ಹೋಗುತ್ತಿದ್ದವು, ಸತ್ತ ಮಗುವಿನ ಹೆಸರನ್ನೇ ಇನ್ನೊಂದಕ್ಕೆ ಇಡುತ್ತಿದ್ದರು. ಸಂಘದ ಮಿಸೆಸ್ ಪ್ರಿಸ್ಕ್ ಎಲ್ಲರನ್ನೂ ಗದರಿಸುತ್ತಾಳೆ: "ಮೊದ್ಲು ಸಾಯ್ಸಿ ನೋಡ್ರೀ, ಸಾಯ್ಲಿಲ್ಲ ಅಂದ್ರೆ ಆಮೇಲೆ ಮದ್ವೆ ಮಾಡ್ಸಿ!" ನೀನು ಸಂಘಕ್ಕೆ ಬಂದವನಲ್ಲ. ಹೆಂಗಸರ ಹರಟೆಕಟ್ಟೆ ಅಂದವನು.

ಕೋಲನ್‌ಗೆ ಹಡಗಿನ ಕೆಲಸದಿಂದ ರಜೆ ಸಿಕ್ಕಿತ್ತು. "ಕಾಗದದಲ್ಲಿ ಯಾಕೆ ಹುಡುಕ್ತೀಯಮ್ಮಾ, ಹೋಗೇ ನೋಡ್ಕೊಂಡು ಬರೋಣ" ಅಂದ. ಫೆಬ್ರುವರಿಯಲ್ಲಿ ಹೊರಟೆವು. ಅದಕ್ಕೇ ನಿನಗೆ ಬರೆಯಲು ತಡವಾದದ್ದು.

ಊರಿನ ಹೆಸರು ರಿಯಾಲ್ ದೆಲ್ ಮೊಂತೆ, ಸಂಘದ ಹಳೆಯ ಗಣಿ ಕಡತದಲ್ಲಿ ಯುರಾಯಾನ ಹೆಸರಿನ ಎದುರಿಗೇ ಇತ್ತು. ಬರೆದುಕೊ. ಗುಡ್ಡ, ಮಂಜು, ಗಣಿಯ ಹೊಗೆಗೂಡು ಎಲ್ಲಾ ನಮ್ಮದರ ಹಾಗೆಯೇ. ಬೀದಿಯಲ್ಲಿ ನಮ್ಮ ಪೇಸ್ಟಿ ಕಡುಬನ್ನೇ ಮಾರುತ್ತಾರೆ, ಒಳಗೆ ಮಾತ್ರ ಹಸಿಮೆಣಸಿನಕಾಯಿ. ನಾನು ಅರ್ಧ ತಿಂದು ಕಣ್ಣಲ್ಲಿ ನೀರು ಹಾಕಿಕೊಂಡೆ, ಉಳಿದರ್ಧವನ್ನೂ ಕೋಲನ್ನೇ ತಿಂದ. ಊರ ಮೇಲಿನ ಗುಡ್ಡದಲ್ಲಿ ನಮ್ಮವರ ಸ್ಮಶಾನವಿದೆ. ಅಲ್ಲಿ ಮೂಲೆಯಲ್ಲಿ ಒಂದು ಪುಟ್ಟ ಕಲ್ಲು. ಸುತ್ತ ಕಳೆ ಇಲ್ಲ, ಮೇಲೆ ಪಾಚಿಯಿಲ್ಲ, ಒಣಗಿದ ಚೆಂಡುಹೂವಿನ ಮಾಲೆ. "ಹನಿಬಲ್, ಯುರಾಯಾ ಮತ್ತು ಗ್ರೇಸ್ ಆಂಗ್ವಿನ್‌ರ ಮಗ, ಆರು ವಾರದ ಕೂಸು, ಆಗಸ್ಟ್ 1833." ನಾನು ಪಕ್ಕದ ಗೋರಿಯ ಮೇಲೆ ಕೂತುಬಿಟ್ಟೆ.

ಗ್ರೇಸ್ ಇನ್ನೊಂದು ಹೆತ್ತಿರಬಹುದು ಅನ್ನುತ್ತೀಯ. ಊರಿಗೆ ಬಂದಾಗ ನಮ್ಮ ಹನಿಬಲ್‌ಗೆ ಹದಿನಾರು ತುಂಬಿತ್ತು ಎಂದು ನೀನೇ ಬರೆದಿದ್ದೀಯ. ಆರು ವಾರದ ಮಗು ಸತ್ತ ವರ್ಷವೇ ಹುಟ್ಟಿದ ಇನ್ನೊಂದು ಮಗುವನ್ನು ಅದೇ ತಾಯಿ ಎಲ್ಲಿಂದ ಹೆತ್ತಳು? ಮಾವಿಸ್‌ಳನ್ನು ಕೇಳು, ಮೂರು ಹೆತ್ತವಳು ಹೇಳುತ್ತಾಳೆ.

ಆ ಹೂವು ಯಾರು ಇಟ್ಟರು ಎಂದು ಕಾವಲುಗಾರನನ್ನು ಕೇಳಿದೆವು. ಸ್ಮಶಾನದ ಕೆಳಗಿನ ಮನೆಯ ಹಸಿಂತಾ ಎಂಬ ಮುದುಕಿಯ ಹತ್ತಿರ ಕರೆದೊಯ್ದ. ಕೋಲನ್‌ಗೆ ಹಡಗಿನಲ್ಲಿ ಕಲಿತ ಸ್ಪ್ಯಾನಿಷ್ ಬರುತ್ತದೆ, ಅವನೇ ನನಗೆ ಹೇಳುತ್ತಾ ಹೋದ. ಹಸಿಂತಾಳ ಅಜ್ಜಿಯ ಅಜ್ಜಿ ಪೆತ್ರಾ ಎಂಬವಳು ಆಂಗ್ವಿನ್‌ರ ಮನೆಯಲ್ಲಿ ಬಟ್ಟೆ ಒಗೆಯುತ್ತಿದ್ದಳಂತೆ. ಆ ವರ್ಷ ಕಾಲರಾ ಬಂತು. ಗ್ರೇಸಳ ಕೂಸು ಸತ್ತಿತು. ಅದೇ ವಾರ ಪೆತ್ರಾಳ ತಂಗಿಯೂ ಅವಳ ಗಂಡನೂ ಸತ್ತರು, ಅವರ ಎಳೆಗೂಸು ಉಳಿಯಿತು.

"ಒಂದು ಮನೇಲಿ ಹಾಲಿತ್ತು, ಕೂಸಿರಲಿಲ್ಲ. ಇನ್ನೊಂದು ಮನೇಲಿ ಕೂಸಿತ್ತು, ಹಾಲಿರಲಿಲ್ಲ" ಎಂದಳು ಹಸಿಂತಾ. "ನಮ್ಮ ಕೂಸನ್ನ ನೀವು ಸಾಕಿ, ನಿಮ್ಮ ಕೂಸನ್ನ ನಾವು ನೋಡ್ಕೋತೀವಿ ಅಂತ ಮಾತಾಯ್ತಂತೆ. ನಮ್ಮಮ್ಮ ನೋಡ್ಕೊಂಡ್ಲು, ಈಗ ನಾನು ನೋಡ್ಕೋತಿದೀನಿ. ವರ್ಷಾವರ್ಷ ಸತ್ತವರ ಹಬ್ಬಕ್ಕೆ ಮೊದಲ ಹೂ ಆ ಮಗೂಗೇ." ಆಮೇಲೆ ನನ್ನ ಕೈ ಹಿಡಿದು ಕೇಳಿದಳು: "ನಮ್ಮ ಹುಡುಗನ್ನ ಚೆನ್ನಾಗಿ ನೋಡ್ಕೊಂಡ್ರಾ?"

ಚೆನ್ನಾಗಿ ನೋಡಿಕೊಂಡರು ಎಂದೆ. ಹೆಸರು ಕೊಟ್ಟರು, ಅಪ್ಪನ ಹಾಗೆ ಗಣಿಯ ಕ್ಯಾಪ್ಟನ್ ಮಾಡಿದರು, ಮನೆತನದ ಗೋರಿಯಲ್ಲಿ ಯುರಾಯಾನ ಪಕ್ಕದಲ್ಲೇ ಮಲಗಿಸಿದರು ಎಂದೆ. ಅವನ ಮೊಮ್ಮಗನ ಮಗನ ಬಗ್ಗೆ ಹೇಳಲು ನಾಚಿಕೆಯಾಯಿತು, ಹೇಳಲಿಲ್ಲ.

ವಾಪಸು ಇಳಿಯುವಾಗ ಕೋಲನ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಹಾಗಾದ್ರೆ ಹೆಡ್ಲಿ ಮಾವಾನೂ ನಮ್ಮ ಪಾರ್ಟೀನೇ!" ಅಂದ. ಸ್ವಲ್ಪ ಹೊತ್ತಿನ ಮೇಲೆ ಮೆಲ್ಲಗೆ, "ಅವರಿಗೆ ಹೇಳ್ಬೇಡಮ್ಮಾ. ಈ ವಯಸ್ಸಲ್ಲಿ ಪಾಪ, ತಡ್ಕೊಳ್ಳಲ್ಲ" ಅಂದ. ಅಷ್ಟು ದೊಡ್ಡ ಮನಸ್ಸು ನನಗಿಲ್ಲ. ತಡೆದುಕೊ.

ಈಗ ಕಲ್ಲಿನ ಮಾತು. ನನ್ನ ಹೆಸರಿನ ಕೆಳಗೆ "ಕೋಲನ್, ಮಗ" ಎಂದು ಕೆತ್ತಿಸು, ಬೇರೆ ವಿವರಣೆ ಬೇಡ. ಇಲ್ಲ, ನಿಯಮ ನಿಯಮವೇ ಅನ್ನುವುದಾದರೆ ಗ್ರೇಸಳ ಹೆಸರಿನ ಕೆಳಗೂ "ಸಂತಾನವಿಲ್ಲ" ಎಂದು ಕೆತ್ತಿಸು. ಕಲ್ಲು ಅಲ್ಲಿಗೇ ಮುಗಿಯುತ್ತದೆ. ಹನಿಬಲ್ ಇರುವುದಿಲ್ಲ, ಅಜ್ಜ ಇರುವುದಿಲ್ಲ, ಅಪ್ಪ ಇರುವುದಿಲ್ಲ, ನಿನ್ನ ಹೆಸರಿಗೂ ಜಾಗವಿರುವುದಿಲ್ಲ. ಯಾವುದನ್ನೂ ಮಾಡದೆ ಜಾಣತನ ತೋರಿಸಿದರೆ ಸಮಾರಂಭದ ದಿನ ನೆಂಟರೆಲ್ಲ ಬನ್ನು ತಿನ್ನುತ್ತಿರುವಾಗ ನಾನು ಎದ್ದು ನಿಂತು ಈ ಪತ್ರವನ್ನೇ ಓದುತ್ತೇನೆ. ನನ್ನ ದನಿ ಎಷ್ಟು ದೊಡ್ಡದೆಂದು ನಿನಗೆ ಗೊತ್ತು.

ದೇವರು ನಿನಗೆ ಆಯುಸ್ಸು ಕೊಡಲಿ, ಅದರ ಜೊತೆಗೆ ಬುದ್ಧಿಯನ್ನೂ ಕೊಡಲಿ. ನಿನ್ನ ಮೊಮ್ಮಕ್ಕಳಿಗೆ ನನ್ನ ಮುತ್ತು. ಅವರ ಮೇಲೆ ನನಗೆ ಕೋಪವಿಲ್ಲ.

ನಿನ್ನ ಅಕ್ಕ,
ಲವ್‌ಡೇ

ಮರೆತಿದ್ದೆ: ಕಲ್ಲಿಗೋಸ್ಕರ ಇಷ್ಟು ಕೂಗಾಡುತ್ತಾಳೆ ಎಂದು ಮಾವಿಸ್ ಹತ್ತಿರ ನಗಬೇಡ. ಅಪ್ಪನ ಶವಯಾತ್ರೆಯ ದಿನ ಗಂಡಸರೆಲ್ಲ ಪೆಟ್ಟಿಗೆಯ ಹಿಡಿಗಳನ್ನು ಹಿಡಿದು, ಹಾಡು ಹೇಳುತ್ತಾ, ಸರದಿ ಬದಲಿಸುತ್ತಾ ಗುಡ್ಡ ಇಳಿಯುತ್ತಿದ್ದಿರಿ. ಹದಿನಾರು ವರ್ಷದ ಕೋಲನ್ ತನ್ನ ಸರದಿ ಬಂದಾಗ ಮುಂದೆ ಬಂದು ಹಿಡಿಗೆ ಕೈ ಹಾಕಿದ. ನೀನು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, "ನೀನಲ್ಲಪ್ಪಾ, ಮನೆಯವ್ರು ಮಾತ್ರ" ಅಂದೆ. ಹಾಡು ನಿಲ್ಲಲಿಲ್ಲ. ಅವನು ಹಿಂದೆ ಬಂದು ಹೆಂಗಸರ ಸಾಲಿನಲ್ಲಿ ನನ್ನ ಪಕ್ಕ ನಡೆದ. ಸ್ಮಶಾನದ ಗೇಟಿನ ಹತ್ತಿರ ಕೇಳಿದ: "ಅಮ್ಮಾ, ತಾತ ಬದುಕಿರೋವರೆಗೆ ಮಾತ್ರ ನನ್ನ ತಾತ ಆಗಿದ್ರಾ?" ಇವತ್ತಿನವರೆಗೂ ಅವನಿಗೆ ಯಾರೂ ಉತ್ತರ ಹೇಳಿಲ್ಲ, ಹೆಡ್ಲಿ. ನೀನು ಹೇಳು.