ಫಿಯಟ್ ಮತ್ತೆ ಕುದಿಯಿತು

ಮಾರ್ಚ್ 2, 1999, ಮಂಗಳವಾರ

ಮತ್ತೆ ಕುದಿಯಿತು. ಹಲಸೂರು ಕೆರೆ ದಾಟುತ್ತಿದ್ದಂತೆ ಟೆಂಪರೇಚರ್ ಮುಳ್ಳು ಕೆಂಪಿಗೆ. ಬಾನೆಟ್ ಎತ್ತಿದರೆ ಬುಸ್ ಅಂತ ಹಬೆ. ಹಿಂದಿನವರ ಹಾರ್ನು, ಬೈಗುಳ ಎಲ್ಲ ಕೇಳಿಸಿಕೊಂಡು ನಿಂತೆ. ಮೊನ್ನೆಯಷ್ಟೇ ಶಿವಾಜಿನಗರದ ಮೆಕ್ಯಾನಿಕ್ ಅಹ್ಮದ್ ಪಾಷಾ ಥರ್ಮೋಸ್ಟಾಟ್ ಬದಲಿಸಿ, “ಇನ್ನು ಊಟಿಗೂ ಹೋಗ್ಬಹುದು ಗುರು” ಅಂದಿದ್ದರು.

ಊಟಿ ಯಾರಿಗೆ ಬೇಕು? ಕೆ.ಆರ್. ಪುರದ ನಮ್ಮ ಮನೆಯಿಂದ ಶಿವಾಜಿನಗರದ ಆಸ್ಪತ್ರೆಗೆ ಒಂದೇ ಒಂದು ಸಲ ನಿಲ್ಲದೆ ಹೋದರೆ ಸಾಕು. ಹೆಂಡತಿ ರೇವತಿಗೆ ಒಂಬತ್ತನೇ ತಿಂಗಳು ಬಿದ್ದಿದೆ.

ಮಾರ್ಚ್ 7, ಭಾನುವಾರ

ವಾಟರ್ ಪಂಪ್ ಹೊಸದು. ಹಳೇ ನೀರು ಬಸಿದಾಗ ಹಳದಿ ಹಳದಿ. “ತುಕ್ಕು” ಅಂದರು ಪಾಷಾ ಭಾಯ್. ಫ್ರೇಜರ್ ಟೌನ್ ಸುತ್ತಿಸಿ ನೋಡಿದೆವು, ಕಾರು ಹಸುವಿನ ಹಾಗೆ ಶಾಂತ.

ಮನೆಗೆ ಬಂದರೆ ಅವ್ವ ಆರತಿ ತಟ್ಟೆ ಹಿಡಿದು ರೆಡಿ. ಗುಲ್ಬರ್ಗದಿಂದ ಬಂದು ವರ್ಷಗಳಾದರೂ ಈ ಅಭ್ಯಾಸ ಬಿಟ್ಟಿಲ್ಲ. ಗಾಡಿಗೆ ಏನು ಹೊಸದು ಹಾಕಿಸಿದರೂ ಪೂಜೆ. ಒಂದು ಬಲ್ಬು ಬದಲಿಸಿದರೂ ಅವಳಿಗೆ ಹಬ್ಬ.

ಮಾರ್ಚ್ 9

ಕುದಿಯಿತು. ಗರುಡಾಚಾರ್‌ಪಾಳ್ಯದಲ್ಲಿ, ನಮ್ಮ ಫ್ಯಾಕ್ಟರಿ ಗೇಟ್ ಮುಂದೆಯೇ. ಎಲ್ಲರೂ ನಕ್ಕರು. ಫಿಟ್ಟರ್‌ನ ಕಾರೇ ಹೀಗಾ ಅಂತ.

ತಲೆ ಕೆಟ್ಟುಹೋಗಿದೆ. ಪಾಷಾ ಭಾಯ್ ಹತ್ತಿರದಿಂದ ಮನೆಗೆ ಬರುವಾಗ ಸರಿ ಇರುತ್ತೆ. ಮನೆಯಿಂದ ಹೊರಟರೆ ಕುದಿಯುತ್ತೆ. ಇದಕ್ಕೆ ನಮ್ಮ ಮನೆ ಕಂಡರೆ ಆಗಲ್ವಾ? ಮಷಿನ್ನಿಗೆ ಹಠ ಗಿಠ ಇರಲ್ಲ ಅಂತ ಗೊತ್ತು... ಆದರೂ.

ಮಾರ್ಚ್ 14, ಭಾನುವಾರ

ಹೆಡ್ ಗ್ಯಾಸ್ಕೆಟ್ ಬದಲಾಯಿತು. ಬಾಯಿ ತಡೆಯಲಿಲ್ಲ ನನಗೆ. “ಹಳೇ ಪಾರ್ಟ್ ಹಾಕ್ತಿದ್ದೀರಾ ಭಾಯ್?” ಅಂದುಬಿಟ್ಟೆ.

ಪಾಷಾ ಭಾಯ್ ಸ್ಪ್ಯಾನರ್ ಕೆಳಗಿಟ್ಟರು. “ಹೋದ ವರ್ಷ ಏನಾಯ್ತು ಅಂತ ನನಗೆ ಗೊತ್ತು ದತ್ತು. ಆ ಹೆಣ್ಣುಮಗಳು ಕೂತ್ಕೊಳ್ಳೋ ಗಾಡಿಗೆ ಹಳೇ ಪಾರ್ಟ್ ಹಾಕ್ತೀನಾ? ತೌಬಾ ತೌಬಾ.”

ಹೋದ ವರ್ಷ. ರೇವತಿಗೆ ನೋವು ಶುರುವಾಗಿ ಎಷ್ಟೋ ಹೊತ್ತಿಗೆ ಆಟೋ ಸಿಕ್ಕಿತು. ಅದು ಕೆ.ಆರ್. ಪುರದ ರೈಲ್ವೆ ಗೇಟಲ್ಲಿ ಕೆಟ್ಟು ನಿಂತಿತು. ಆಸ್ಪತ್ರೆ ಮುಟ್ಟುವಾಗ ಮಗು ಉಳಿದಿರಲಿಲ್ಲ. ಈ ಹಳೇ ಫಿಯಟ್ ತಗೊಂಡಿದ್ದೇ ಅದಕ್ಕೆ.

ಮಾರ್ಚ್ 16

ಕುದಿಯಿತು. ಬರೆಯೋಕೆ ಏನೂ ಇಲ್ಲ.

ಮಾರ್ಚ್ 21, ಭಾನುವಾರ

ರೇಡಿಯೇಟರ್ ಬಿಚ್ಚಿಸಿದೆವು. ಒಳಗಿನ ಕೊಳವೆಗಳಲ್ಲೆಲ್ಲ ಬಿಳಿ ಬಿಳಿ, ಉಬ್ಬಿಕೊಂಡು... ಅಕ್ಕಿ!

“ಇದೇನು ಮಾರಾಯ, ಒಳಗಡೆ ಬಿರಿಯಾನಿ ಮಾಡ್ತಿದ್ದೀಯಾ?” ಪಾಷಾ ಭಾಯ್ ನಕ್ಕರು. ಆಮೇಲೆ ಇಬ್ಬರೂ ನಗಲಿಲ್ಲ. ರೇಡಿಯೇಟರ್‌ಗೆ ಅಕ್ಕಿ ಹಾಕುವವರು ಯಾರು? ಯಾಕೆ? ಮಾಟವಾ? ಪಕ್ಕದ ಮನೆ ಬೈರಮ್ಮನ ಮೇಲೂ ಒಂದು ಕ್ಷಣ ಅನುಮಾನ ಬಂತು. ಪಾಪ, ನಮ್ಮ ನಲ್ಲಿ ನೀರಿಗೆ ಬರುವುದು ಬಿಟ್ಟರೆ ಅವಳಿಗೆ ನಮ್ಮ ಗೊಡವೆಯೇ ಇಲ್ಲ.

ಎಲ್ಲ ತೊಳೆದು ಜೋಡಿಸಿ ತಂದೆ. ಮನೆಯಲ್ಲಿ ಮತ್ತೆ ಆರತಿ.

ಮಾರ್ಚ್ 22, ಬೆಳಿಗ್ಗೆ

ಹಲ್ಲುಜ್ಜುತ್ತಾ ಹೊರಗೆ ಬಂದೆ. ಬಾನೆಟ್ ತೆರೆದಿದೆ. ಅವ್ವ ರೇಡಿಯೇಟರ್ ಮುಚ್ಚಳ ತೆಗೆದು ಚೊಂಬಿನಿಂದ ಸುರಿಯುತ್ತಿದ್ದಾಳೆ. ಪೂಜೆಯ ಅರಿಶಿನ ನೀರು, ಅಕ್ಷತೆ ಸಮೇತ.

“ನೀ ಭಿ ಇಲ್ಲೇ ನೀರ್ ಹಾಕ್ತಿಯಲ್ಲಪಾ. ಮ್ಯಾಲಿಂದ ಆರತಿ ಮಾಡಿದ್ರ ಅದಕ್ಕೇನ್ ಮುಟ್ಟತದ? ಹೊಟ್ಟ್ಯಾಗ ತೀರ್ಥ ಹೋಗ್ಬೇಕು. ಈ ಸಲ ದಾರ್ಯಾಗ ನಿಂದರಬಾರ್ದು.”

ಅವಳು ಹೇಳಿದ್ದು ಪೂರ್ತಿ ಕೇಳಿಸಿಕೊಳ್ಳಲೇ ಇಲ್ಲ ನಾನು. ಬೀದಿಗೆಲ್ಲ ಕೇಳುವ ಹಾಗೆ ಕೂಗಾಡಿದೆ. “ಈ ಕೂಸೂ ದಾರ್ಯಾಗ ಸತ್ರ ಅದು ನಿನ್ನಿಂದ!” ಅಂದೆ. ಹೆತ್ತ ತಾಯಿಗೆ.

ಚೊಂಬು ಕೆಳಗಿಟ್ಟು ಒಳಗೆ ಹೋದಳು. ಅಳಲೂ ಇಲ್ಲ.

ಮಾರ್ಚ್ 24

ಪಾಷಾ ಭಾಯ್ ಇನ್ನೊಮ್ಮೆ ತೊಳೆದುಕೊಟ್ಟರು. ಹಳೇ ಪಾರ್ಟ್ ಅಂದಿದ್ದಕ್ಕೆ ಕ್ಷಮಿಸಿ ಅಂದೆ. ಚಹಾ ಕುಡಿಸಿದರು, ಅಷ್ಟೇ. ಬರುವಾಗ ರೈಲ್ವೆ ಗೇಟಲ್ಲಿ ಬೇಕಂತಲೇ ಎಂಜಿನ್ ಆಫ್ ಮಾಡದೆ ಕಾದೆ. ಮುಳ್ಳು ಅರ್ಧ ದಾಟಲಿಲ್ಲ.

ಖುಷಿಯಾಗಬೇಕಿತ್ತು. ಆಗುತ್ತಿಲ್ಲ. ಇವತ್ತು ಆರತಿ ಇಲ್ಲ. ನಲ್ಲಿಗೆ ಹೋಗುವಾಗಲೂ ಅವ್ವ ಕಾರಿನಿಂದ ದೂರ ಸರಿದು, ಗೋಡೆಗೆ ಒತ್ತಿಕೊಂಡು ಹೋಗುತ್ತಾಳೆ. ಮಾತಾಡಿಸೋಣ ಅಂದರೆ ಎಲ್ಲಿಂದ ಶುರು ಮಾಡಬೇಕೋ ತಿಳಿಯುತ್ತಿಲ್ಲ. ಎಂಜಿನ್ ಆಗಿದ್ದರೆ ಬಿಚ್ಚಿ ನೋಡಬಹುದಿತ್ತು.

ಮಾರ್ಚ್ 27, ಶನಿವಾರ, ಮಧ್ಯಾಹ್ನ. ಆಸ್ಪತ್ರೆ ವರಾಂಡ

ಬಂದು ಮುಟ್ಟಿದೆವು. ಎಲ್ಲೂ ನಿಲ್ಲಲಿಲ್ಲ. ರೇವತಿ ಒಳಗಿದ್ದಾಳೆ. ಸುಮ್ಮನೆ ಕೂರಲಾಗದೆ ಬರೆಯುತ್ತಿದ್ದೇನೆ.

ಹೊರಡುವಾಗ ರೇವತಿಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ತಿರುಗಿದರೆ ಅವ್ವ ಬಾಗಿಲಲ್ಲೇ ನಿಂತಿದ್ದಾಳೆ. ಕೈಯಲ್ಲಿ ಬಟ್ಟೆ ಚೀಲ. ಕಾರಿನ ಹತ್ತಿರ ಬರುತ್ತಿಲ್ಲ.

“ಲಗೂನ ಕೂಡವ್ವ!” ಅಂದೆ.

“ನಾ ಕುಂತ್ರ...” ಅಂದಳು. “ಗಾಡಿ ಬಿಸಿ ಆಗಂಗಿಲ್ಲಲ್ಲ ದತ್ತು?”

ಚೇಷ್ಟೆಗಲ್ಲ. ಸಿಟ್ಟಿಗೂ ಅಲ್ಲ. ನಿಜವಾಗಿಯೂ ಕೇಳುತ್ತಿದ್ದಳು. ಕೈ ಹಿಡಿದು ಎಳೆದು ಕೂರಿಸಿದೆ. ದಾರಿಯುದ್ದಕ್ಕೂ ಸೀಟಿನ ತುದಿಯಲ್ಲೇ ಕೂತಿದ್ದಳು, ಭಾರ ಹಾಕಬಾರದು ಅನ್ನುವ ಹಾಗೆ. ಈಗಲೂ ಇಲ್ಲಿ ಬೆಂಚಿನಲ್ಲಿ ಹಾಗೇ ಕೂತಿದ್ದಾಳೆ. ಹೇಳಬೇಕು. ಅವ್ವ, ನಾನು ಅವತ್ತು ಅಂದದ್ದು—

ಬಾಗಿಲು ತೆಗೀತಿದ್ದಾರೆ. ಅವ್ವ ಎದ್ದು ನಿಂ—