ಉಡಿದಾರದ ಬಿಲ್ಲೆ

ಬುಧವಾರ, ೧೨ ಫೆಬ್ರವರಿ ೨೦೨೫, ಬಿಬವೇವಾಡಿ

ಆ ಬಿಲ್ಲೆಯನ್ನು ನನಗೆ ಕೊಡು ಎಂದು ಇವತ್ತೂ ಕೇಳಲಾಗಲಿಲ್ಲ. ಎದುರಿನ ಕಟ್ಟಡದಲ್ಲಿ ಇಟ್ಟಿಗೆ ಹೊರುವ ಅಂಬಾಬಾಯಿ ಅದನ್ನು ಮಗುವಿನ ಉಡಿದಾರಕ್ಕೆ ಪೋಣಿಸಿದ್ದಾಳೆ. ಹಿಂದೆ ಚಿಲ್ಲರೆ ಸಿಗದಾಗ ಅದರ ಬದಲು ಚಹಾ ಅಂಗಡಿಯವರು ಕೊಡುತ್ತಿದ್ದ ಹಿತ್ತಾಳೆ ಬಿಲ್ಲೆ. ನನ್ನ ಹಳೇ ನಾಣ್ಯಗಳ ಸಂಗ್ರಹದಲ್ಲಿ ಅಂಥದ್ದಿಲ್ಲ. ಒಂದು ಬದಿಗೆ ಗಣಪತಿ, ಇನ್ನೊಂದು ಬದಿಗೆ ಮರಾಠಿಯಲ್ಲಿ ‘ಅರ್ಧಾ ಕಪ್ ಚಹಾ’.

“ಏನ್ ಬರದದ, ಓದ್ರಿ ಅಕ್ಕಾ,” ಎಂದಳು.

ದೇವರೆಂದು ಕಟ್ಟಿದ್ದಾಳೆ, ಏನು ಹೇಳಲಿ? “ಗಣಪತಿ ಮಂತ್ರ,” ಎಂದೆ.

ಅವಳು ಬಿದ್ದು ಬಿದ್ದು ನಕ್ಕಳು. “ಇಷ್ಟ್ ಓದೀರಿ, ಸುಳ್ಳ್ ಹೇಳ್ಲಿಕ್ಕ ಬರಲ್ಲ ನಿಮಗ! ಅರ್ಧ ಕಪ್ ಚಾ ಅದರೀ ಅದು. ನಮ್ಮ ಮಾವ ಕುಡೀದೇ ಉಳಿಸಿದ್ದು.”

ಆಗಲೇ ಕೇಳಬಹುದಿತ್ತು. ಬಿಲ್ಲೆ ಇನ್ನೂ ನನ್ನ ಬೆರಳಲ್ಲಿತ್ತು, ಮಗುವಿನ ಹೊಟ್ಟೆಗೆ ತಾಗಿ ಬೆಚ್ಚಗಾಗಿತ್ತು. ಬಿಟ್ಟುಬಿಟ್ಟೆ.