ಸಂಖ್ಯೆ ಸಿಗದಿದ್ದರೆ

8 ಜುಲೈ 2025, ಮಂಗಳವಾರ. ಬೆಳಿಗ್ಗೆ 10.10
ಸೊರಬದ ಬಸ್ಸಿನಲ್ಲಿ ಲ್ಯಾಬಿಗೆ ಡಬ್ಬಿ ಬಂತು. ಮೂವತ್ತೆರಡು ಟ್ಯೂಬ್ ರಕ್ತ. ಇಪ್ಪತ್ತು ಡೆಂಗ್ಯೂ ಶಂಕೆ. ರಕ್ತಕಣ ಎಣಿಸುವ ಮಷೀನಿನ ಫೈಲ್ ನನ್ನ ಪ್ರೋಗ್ರಾಮಿಗೆ. ಕಪ್ಪು ಕಿಟಕಿ, ಒಂದು ಸಾಲು ಕಮಾಂಡ್, ಎಂಟರ್ — ಎಲ್ಲರ ರಿಪೋರ್ಟ್ ಸಿದ್ಧ. ಮೊದಲು ಟೈಪಿಸ್ಟ್ ನಿರ್ಮಲಮ್ಮ ಕೂತು ಎರಡು ಗಂಟೆ ಟೈಪ್ ಮಾಡುತ್ತಿದ್ದರು.

ಲ್ಯಾಬ್ ಮಾಲೀಕ ಪರಮಶಿವಪ್ಪ ಇವತ್ತೂ ಬಿಡಲಿಲ್ಲ. "ಏನ್ರೀ ಗಂಗಾಶ್ರೀ, ವೆಬ್‌ಸೈಟ್ ಭಾಷಿ ಅಂತೀರಿ, ವೆಬ್‌ಸೈಟೇ ಕಾಣಂಗಿಲ್ಲ. ಬರೀ ಕರೀ ಹಲಗಿ!"

ನಾನು ಪ್ರೋಗ್ರಾಮ್ ಬರೆದಿರುವ ಎಲ್ಮ್ ವೆಬ್ ಪುಟಕ್ಕೆಂದೇ ಮಾಡಿದ ಭಾಷೆ, ನಿಜ. ಫೈಲ್ ಓದಲೂ ಅದಕ್ಕೆ ಬಾರದು. ಓದಿಕೊಡಲು ಪಕ್ಕದಲ್ಲಿ ಇಪ್ಪತ್ತು ಸಾಲು ಜಾವಾಸ್ಕ್ರಿಪ್ಟ್ ಇಟ್ಟಿದ್ದೇನೆ. ಆದರೆ ನನಗೆ ಚೆನ್ನಾಗಿ ಬರುವುದು ಅದೊಂದೇ. ಆರು ತಿಂಗಳಲ್ಲಿ ಒಮ್ಮೆಯೂ ಕ್ರ್ಯಾಶ್ ಇಲ್ಲ. ಬರೆದದ್ದನ್ನು ಓಡಿಸುವ ಮೊದಲೇ ಪರೀಕ್ಷಿಸುವ ಕಂಪೈಲರ್ ಅಷ್ಟು ಹಟಮಾರಿ. ಪ್ಲೇಟ್‌ಲೆಟ್ ಸಂಖ್ಯೆ ಸಿಗದಿದ್ದರೆ ಏನು ಮಾಡಬೇಕೆಂದು ಹೇಳುವ ತನಕ ಮುಂದೆ ಬಿಟ್ಟಿರಲಿಲ್ಲ. ಆರೋಗ್ಯವಂತರಿಗಿರುವಷ್ಟು, 2,00,000 ಎಂದು ತುಂಬಿ ಅದರ ಬಾಯಿ ಮುಚ್ಚಿಸಿದ್ದೆ. ಸಂಖ್ಯೆ ಸಿಗದ ದಿನವೇ ಬಂದಿಲ್ಲ. ಬಿಡುವಾದಾಗ ತೆಗೆಯಬೇಕು.

11 ಜುಲೈ, ಶುಕ್ರವಾರ
ಹೊಸ ಮಷೀನ್. ಫೈಲ್ ಹಳೆಯದರಂತೆಯೇ ಇದೆ. ಇಪ್ಪತ್ತೊಂಬತ್ತು ರಿಪೋರ್ಟ್ ಹೋದವು. ತಾಳೆ ನೋಡಿದ್ದು ಮೊದಲ ಐದು.

17 ಜುಲೈ, ಗುರುವಾರ. ಬೆಳಿಗ್ಗೆ 11.20
ಸೊರಬದಲ್ಲಿ ನಮಗೆ ರಕ್ತ ತೆಗೆದು ಕಳಿಸುವ ಮಾರಪ್ಪನ ಫೋನ್.
"ಮೇಡಂ, ಉಳವಿ ಊರಿನ ಶಶಿರೇಖಾ ಅಂತ, ಅಂಗನವಾಡಿ ಟೀಚರ್. ಮಂಗಳವಾರದ ಟ್ಯೂಬು. ಮೂಗಲ್ಲಿ ರಕ್ತ ನಿಲ್ತಾ ಇಲ್ವಂತೆ. ಒಂದ್ಸಲ ನೋಡಿ ಹೇಳ್ರೀ."
ನೋಡಿ ಹೇಳಿದೆ: 2,00,000.
"ನಾನೂ ಅದನ್ನೇ ಹೇಳಿದ್ದು. ನಿನ್ನೆ ಅವ್ರ ಗಂಡ ಕೇಳಿದಾಗ ನಗಾಡ್ದೆ. ಎರಡು ಲಕ್ಷ ಇರೋರಿಗೆ ಏನಾಗುತ್ತೋ ಮಾರಾಯ, ಗಂಜಿ ಕುಡ್ಸು ಅಂತ."
ಸರಿಯಾಗಿ ಎರಡು ಲಕ್ಷ. ಒಂದೂ ಹೆಚ್ಚಿಲ್ಲ, ಕಡಿಮೆ ಇಲ್ಲ...

11.35
ಮಷೀನಿನ ಮೂಲ ಫೈಲ್ ತೆರೆದೆ. ಶಶಿರೇಖಾ, 29 ವರ್ಷ. ಪ್ಲೇಟ್‌ಲೆಟ್: <10. ಹತ್ತು ಸಾವಿರಕ್ಕಿಂತ ಕಡಿಮೆ.
ಹಳೆಯ ಮಷೀನ್ ಎಷ್ಟೇ ಕಡಿಮೆಯಿದ್ದರೂ ಬರೀ ಅಂಕಿ ಕೊಡುತ್ತಿತ್ತು. ಹೊಸದು ಹತ್ತಕ್ಕಿಂತ ಇಳಿದರೆ ಅಂಕಿಯ ಮುಂದೆ ಆ ‘ಕಡಿಮೆ’ ಗುರುತು ಹಾಕುತ್ತದೆ. ಗುರುತಿದ್ದರೆ ನನ್ನ ಪ್ರೋಗ್ರಾಮಿಗೆ ಅದು ಸಂಖ್ಯೆಯೇ ಅಲ್ಲ. ಹಾಗಾಗಿ ಎರಡು ಲಕ್ಷ. ತೀರಾ ಅಪಾಯದಲ್ಲಿರುವವರನ್ನೇ ಆರಿಸಿ ಆರೋಗ್ಯವಂತರು ಎಂದು ಬರೆದಿದೆ. ಬರೆದಿದ್ದು ನಾನು.
ಮಾರಪ್ಪನಿಗೆ ಹೇಳಿದೆ. "ಅಯ್ಯೋ" ಅಂದವನು ಬೈಕ್ ಹತ್ತಿದ. ಶಶಿರೇಖಾ ಗಂಡನ ಫೋನ್ ನಾಟ್ ರೀಚಬಲ್.

12.15
ಹನ್ನೊಂದನೇ ತಾರೀಖಿನಿಂದ ಈಚಿನ ಫೈಲ್ ಎಲ್ಲ ನೋಡಿದೆ. ಆ ಗುರುತು ಮೂವರಿಗೆ. ಒಬ್ಬರು ಆಗಲೇ ಶಿವಮೊಗ್ಗದಲ್ಲಿ ಅಡ್ಮಿಟ್. ಇನ್ನೊಬ್ಬರು ಬೇರೆ ಕಡೆ ಟೆಸ್ಟ್ ಮಾಡಿಸಿ ಚಿಕಿತ್ಸೆಯಲ್ಲಿದ್ದಾರೆ. ಉಳಿದದ್ದು ಉಳವಿಯ ಶಶಿರೇಖಾ.
ಪರಮಶಿವಪ್ಪನವರಿಗೆ ಹೇಳಿದೆ. "ಮೊದ್ಲು ಆ ಹೆಣ್ಮಗಳನ್ನ ಹುಡುಕ್ರಿ. ನಿಮ್ಮನ್ನ ಬೈಯೂದು ಎಲ್ಲಿ ಹೋಕ್ಕತಿ." ಆಂಬ್ಯುಲೆನ್ಸಿಗೆ ಅವರೇ ಫೋನ್ ಮಾಡಿದರು.

12.40
ಸುಮ್ಮನೆ ಕೂರಲಾಗಲಿಲ್ಲ. 2,00,000 ಅಳಿಸಿದೆ. ಕಂಪೈಲರ್ ಮತ್ತೆ ಅದೇ ಕೇಳಿತು: ಸಂಖ್ಯೆ ಸಿಗದಿದ್ದರೆ? ಜನವರಿಯಲ್ಲೂ ಇದನ್ನೇ ಕೇಳಿತ್ತು. ಈಗ ಬರೆದೆ — ರಿಪೋರ್ಟ್ ತಡೆ, ಕೂಡಲೇ ಫೋನ್ ಮಾಡಿ. ಒಪ್ಪಿತು.

12.55
ಮಾರಪ್ಪ ಉಳವಿಯಿಂದ. ಮನೆಗೆ ಬೀಗ. ಬೆಳಿಗ್ಗೆ ಹತ್ತಕ್ಕೇ ಆಟೋದಲ್ಲಿ ಕೂರಿಸಿಕೊಂಡು ಹೋದರಂತೆ. ಸೊರಬಕ್ಕೋ, ಸಾಗರಕ್ಕೋ — ಪಕ್ಕದ ಮನೆಯವರಿಗೆ ಗೊತ್ತಿಲ್ಲ. ಮೈತುಂಬ ಶಾಲು ಹೊದೆಸಿದ್ದರಂತೆ. ಮುಖಕ್ಕೂ.

1.10
ಗಂಡನ ಫೋನ್ ಈಗ ರಿಂಗ್ ಆಗುತ್ತಿದೆ. ಮೂರನೇ ಸಲ. ಎತ್ತಿದರೆ ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೇನೆ. ಎತ್ತದಿದ್ದರೆ —